ಹೆಸರಿಲ್ಲದ ಒಲವು: ಕನ್ನಡ ಕಾದಂಬರಿಯಲ್ಲಿ ಮಾಗಿದ ವಯಸ್ಸಿನ ಪ್ರೇಮಕಥನ
(ಮಂಡ್ಯ ಸೀಮೆಯ ಕಾವ್ಯಪರಂಪರೆಯ ಹಿನ್ನೆಲೆಯಲ್ಲಿ ಒಂದು ಅಧ್ಯಯನ)

1. ಪ್ರಸ್ತಾವನೆ

ಕನ್ನಡ ಕಾದಂಬರಿಯಲ್ಲಿ ಪ್ರೇಮವನ್ನು ಕುರಿತು ನಡೆದಿರುವ ಚರ್ಚೆ ಬಹುಮಟ್ಟಿಗೆ ಯೌವನದ ಪ್ರೇಮವನ್ನು ಕುರಿತ ಚರ್ಚೆಯೇ ಆಗಿದೆ. ಜಾತಿಯ ಅಡ್ಡಗೋಡೆ, ಹಿರಿಯರ ವಿರೋಧ, ವಿಧವಾ ವಿವಾಹ, ವರದಕ್ಷಿಣೆ ಮೊದಲಾದ ಪ್ರಶ್ನೆಗಳ ನೆಲೆಯಲ್ಲಿ ಪ್ರೇಮವನ್ನು ಸಾಮಾಜಿಕ ಸಮಸ್ಯೆಯಾಗಿ ನೋಡುವ ಕ್ರಮ ನಮ್ಮಲ್ಲಿ ಬೇರೂರಿದೆ. ಬದುಕಿನ ಅರ್ಧದಾರಿಯನ್ನು ಸವೆಸಿದ, ಸಂಸಾರದ ಭಾರವನ್ನು ಹೊತ್ತ, ಇನ್ನು ಹೊಸದೇನೂ ಸಂಭವಿಸಲಾರದೆಂದು ನಂಬಿದ ವ್ಯಕ್ತಿಗಳ ನಡುವೆ ವರ್ಷಗಳ ಅವಧಿಯಲ್ಲಿ ಹಬ್ಬುವ ಒಲವು ನಮ್ಮ ಕಾದಂಬರಿಗಳಲ್ಲಿ ಇಲ್ಲವೇ? ಇದ್ದರೆ ಅದು ಯಾವ ರೂಪದಲ್ಲಿದೆ? ಈ ಪ್ರಶ್ನೆಗಳನ್ನು ಎದುರಿಸುವುದು ಪ್ರಸ್ತುತ ಲೇಖನದ ಉದ್ದೇಶ.

'ಮಾಗಿದ ಒಲವು' ಎಂಬ ಮಾತನ್ನು ಇಲ್ಲಿ ಎರಡು ಅರ್ಥಗಳಲ್ಲಿ ಬಳಸಲಾಗಿದೆ. ಒಂದು, ಪಾತ್ರಗಳು ವಯಸ್ಸಿನಿಂದಲೂ ಅನುಭವದಿಂದಲೂ ಮಾಗಿದವರಾಗಿರುವುದು. ಇನ್ನೊಂದು, ಒಲವು ಮೊದಲ ನೋಟದಲ್ಲಿ ಹುಟ್ಟದೆ ಕಾಲದ ಒತ್ತಿನಲ್ಲಿ ಹಣ್ಣಾಗುವುದು. ಇಂಥ ಕಥನಕ್ಕೆ ಅತ್ಯಗತ್ಯವಾದದ್ದು ನಿಧಾನ. ಈ ನಿಧಾನವನ್ನು ಕುತೂಹಲವನ್ನು ಬೆಳೆಸುವ ಕಥನತಂತ್ರವೆಂದು ಮಾತ್ರ ತಿಳಿದರೆ ಸಾಲದು. ನಮ್ಮ ಸಮಾಜದಲ್ಲಿ ಮಾಗಿದ ವಯಸ್ಸಿನ ಒಲವಿಗೆ ತನ್ನದೇ ಆದ ಹೆಸರಿಲ್ಲ. ಆದ್ದರಿಂದ ಅದು ವಿದ್ವತ್ತು, ಸೇವೆ, ಸಂಸಾರ ಎಂಬ ಬೇರೆ ಹೆಸರುಗಳ ಮರೆಯಲ್ಲಿ ಬೆಳೆಯಬೇಕಾಗುತ್ತದೆ. ಹಾಗೆ ಬೆಳೆಯಲು ಹಿಡಿಯುವ ಕಾಲವೇ ಕಥನದ ನಿಧಾನವಾಗಿ ಪರಿಣಮಿಸುತ್ತದೆ. ಈ ನಿಧಾನಕ್ಕೆ ಒಂದು ಬೆಲೆಯೂ ಇದೆ. ಅದನ್ನು ತೆರುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಇದು ಈ ಲೇಖನದ ಮುಖ್ಯ ಪ್ರತಿಪಾದನೆ.

ಅಧ್ಯಯನಕ್ಕೆ ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' (1965) ಕಾದಂಬರಿಯನ್ನು ಮುಖ್ಯವಾಗಿಯೂ, ಶಿವರಾಮ ಕಾರಂತರ 'ಬೆಟ್ಟದ ಜೀವ'ವನ್ನು (1943) ಹೋಲಿಕೆಗಾಗಿಯೂ ಆರಿಸಿಕೊಳ್ಳಲಾಗಿದೆ. ಈ ಕೃತಿಗಳ ಪ್ರವೇಶಕ್ಕೆ ಮುನ್ನ ಮಂಡ್ಯ ಸೀಮೆಯ ಕಾವ್ಯಪರಂಪರೆಯನ್ನು ಸಂಕ್ಷೇಪವಾಗಿ ಗಮನಿಸುವುದು ಅಗತ್ಯ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲೂಕುಗಳ ನೆಲದಲ್ಲಿ ದಾಂಪತ್ಯ ಮತ್ತು ಒಲವನ್ನು ಕುರಿತು ಕನ್ನಡವು ರೂಪಿಸಿಕೊಂಡ ಕೆಲವು ಮುಖ್ಯ ನಿಲುವುಗಳು ದೊರೆಯುತ್ತವೆ. ಭೈರಪ್ಪನವರ ಹುಟ್ಟೂರು ಸಂತೇಶಿವರವಿರುವ ಚನ್ನರಾಯಪಟ್ಟಣ ತಾಲೂಕು ಕೃಷ್ಣರಾಜಪೇಟೆ, ನಾಗಮಂಗಲ ತಾಲೂಕುಗಳಿಗೆ ಹೊಂದಿಕೊಂಡದ್ದು. 'ವಂಶವೃಕ್ಷ'ದ ಕಥೆ ನಡೆಯುವ ಮೈಸೂರು, ನಂಜನಗೂಡುಗಳು ಶ್ರೀರಂಗಪಟ್ಟಣದ ನೆರೆಯವು. ಕಾವ್ಯವು ಕಾದಂಬರಿಯ ಮೇಲೆ ನೇರ ಪ್ರಭಾವ ಬೀರಿತೆಂದು ಇಲ್ಲಿ ಹೇಳುತ್ತಿಲ್ಲ. ಒಂದೇ ಸಾಂಸ್ಕೃತಿಕ ಪರಿಸರದಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಕಾಲಗಳಲ್ಲಿ ಹೇಗೆ ಎದ್ದಿತೆಂಬುದನ್ನು ಗುರುತಿಸುವುದಷ್ಟೇ ಉದ್ದೇಶ.

2. ಶಾಸ್ತ್ರದ ಚೌಕಟ್ಟು ಮತ್ತು ಅದರ ಮಿತಿ

ಅಲಂಕಾರಶಾಸ್ತ್ರವು ಶೃಂಗಾರವನ್ನು ಸಂಭೋಗ, ವಿಪ್ರಲಂಭ ಎಂದು ವಿಭಾಗಿಸುತ್ತದೆ. ಮಮ್ಮಟನು ವಿಪ್ರಲಂಭದಲ್ಲಿ ಅಭಿಲಾಷ, ವಿರಹ, ಈರ್ಷ್ಯೆ, ಪ್ರವಾಸ, ಶಾಪ ಎಂಬ ಐದು ಕಾರಣಗಳನ್ನು ಹೇಳುತ್ತಾನೆ. ಕೂಡಲಾರದ ಸ್ಥಿತಿಯೇ ರಸದ ಮೂಲವೆಂದು ಒಪ್ಪಿದ ಪರಂಪರೆಗೆ ನಿಧಾನದ ಪ್ರೇಮ ಹೊಸತಲ್ಲ. ಆದರೆ ಈ ಕಾರಣಗಳಲ್ಲಿ ಮಾಗಿದ ಪ್ರೇಮಕ್ಕೆ ಅಡ್ಡಬರುವ ಮುಖ್ಯ ಕಾರಣವೊಂದು ಸೇರಿಲ್ಲ. ಅದು ವ್ಯಕ್ತಿ ಈಗಾಗಲೇ ಬದುಕಿಬಿಟ್ಟ ಬದುಕು. ಯುವಪ್ರೇಮಿಗೆ ಅಡ್ಡಿ ಹೊರಗಿದೆ; ಮಾಗಿದ ಪ್ರೇಮಿಗೆ ಅಡ್ಡಿ ಅವನ ಮನೆಯಲ್ಲಿ, ನೆನಪಿನಲ್ಲಿ, ಅವನು ಕೊಟ್ಟ ಮಾತಿನಲ್ಲಿ ಇದೆ.

ಸಂಸ್ಕೃತದಲ್ಲಿ ಭವಭೂತಿಯ 'ಉತ್ತರರಾಮಚರಿತ' ಈ ಕೊರತೆಯನ್ನು ತುಂಬಿದ ಅಪೂರ್ವ ಕೃತಿ. ಅಲ್ಲಿ ರಾಮಸೀತೆಯರದು ಮದುವೆಯಾದ ಎಷ್ಟೋ ವರ್ಷಗಳ ಮೇಲಿನ ಒಲವು; ಅದಕ್ಕೆ ಅಡ್ಡ ಬಂದದ್ದು ಶತ್ರುವಲ್ಲ, ರಾಮನದೇ ನಿರ್ಧಾರ. ಪಾಶ್ಚಾತ್ಯ ಕಾದಂಬರಿಯಲ್ಲಿ ಜೇನ್ ಆಸ್ಟಿನ್‌ಳ 'ಪರ್ಸ್ಯುಯೇಷನ್' (1817) ಎಂಟು ವರ್ಷಗಳ ಹಿಂದೆ ಮುರಿದುಬಿದ್ದ ಸಂಬಂಧವೊಂದು ಮತ್ತೆ ಕೂಡುವ ಕಥೆ. ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್‌ನ 'ಲವ್ ಇನ್ ದ ಟೈಮ್ ಆಫ್ ಕಾಲರಾ' (1985) ಕೃತಿಯಲ್ಲಿ ನಾಯಕನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಯುತ್ತಾನೆ. ಈ ಎರಡು ಕಾದಂಬರಿಗಳಲ್ಲಿ ಕಾಯುವಿಕೆಗೆ ಕೊನೆಯಲ್ಲಿ ಫಲವಿದೆ. ಕನ್ನಡದ ಸಂದರ್ಭದಲ್ಲಿ ಫಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಆ ಸಂಬಂಧವನ್ನು ಏನೆಂದು ಕರೆಯಬೇಕು ಎಂಬುದು.

3. ನಾಲ್ಕು ತಾಲೂಕುಗಳು, ನಾಲ್ಕು ನಿಲುವುಗಳು

ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673-1704) ಕಾಲದ ಶ್ರೀರಂಗಪಟ್ಟಣದ ಆಸ್ಥಾನದಲ್ಲಿ ಎರಡು ಭಿನ್ನ ಧೋರಣೆಯ ಕೃತಿಗಳು ರಚಿತವಾದವು. ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವನ್ನು ಬರೆದಳು. ಸಿಂಗರಾರ್ಯನು ಹರ್ಷನ 'ರತ್ನಾವಳಿ'ಯನ್ನು ಅನುಸರಿಸಿ, ಕನ್ನಡದಲ್ಲಿ ದೊರೆತಿರುವ ಮೊದಲ ನಾಟಕವಾದ 'ಮಿತ್ರವಿಂದಾಗೋವಿಂದ'ವನ್ನು ರಚಿಸಿದನು. 'ರತ್ನಾವಳಿ'ಯ ವಸ್ತು, ಪಟ್ಟದರಾಣಿ ಇರುವಾಗಲೇ ಅರಸನಿಗೆ ಹೊಸಬಳಲ್ಲಿ ಉಂಟಾಗುವ ಅನುರಾಗ. ಒಂದು ಕೃತಿ ಹೆಂಡತಿಯ ನಡವಳಿಕೆಯನ್ನು ವಿಧಿಸಿದರೆ, ಇನ್ನೊಂದರ ಮೂಲಕಥೆಯಲ್ಲಿ ಗಂಡನ ಹೊಸ ಒಲವು ಸರಸ ವಿನೋದವಾಗುತ್ತದೆ. ಹೊನ್ನಮ್ಮನನ್ನು ಕೇವಲ ಪಾತಿವ್ರತ್ಯದ ಪ್ರತಿಪಾದಕಿಯೆಂದು ಬದಿಗಿಡುವಂತಿಲ್ಲ. ಹೆಣ್ಣೆಂದು ಹೀಗಳೆಯುವವರನ್ನು ಆಕೆ ನೇರವಾಗಿಯೇ ಪ್ರಶ್ನಿಸಿದ್ದಾಳೆ. ಹೆಂಡತಿಗೆ ಕರ್ತವ್ಯವನ್ನು ಹೇಳುವಾಗಲೇ ಹೆಣ್ಣಿನ ಬೆಲೆಯನ್ನೂ ಎತ್ತಿಹಿಡಿಯುವ ಈ ಇಬ್ಬಗೆಯ ಗುಣವನ್ನು ಮುಂದೆ 'ವಂಶವೃಕ್ಷ'ದ ನಾಗಲಕ್ಷ್ಮಿಯನ್ನು ಓದುವಾಗ ನೆನೆಯಬೇಕಾಗುತ್ತದೆ.

ಪಾಂಡವಪುರ ತಾಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರ 'ಗೋಕುಲ ನಿರ್ಗಮನ' ಅಗಲಿಕೆಯ ನಾಟಕ. ಕೃಷ್ಣನೊಡನೆ ರಾಧೆಯ ಸಂಬಂಧಕ್ಕೆ ದಾಂಪತ್ಯದ ಹೆಸರಿಲ್ಲ. ಕರ್ತವ್ಯ ಕರೆದಾಗ ಹೆಸರಿಲ್ಲದ ಸಂಬಂಧವೇ ಮೊದಲು ಹಿಂದುಳಿಯುತ್ತದೆ. ನಾಗಮಂಗಲ ತಾಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' (1926) ಮೂಲಕ ಒಲವನ್ನು ವ್ಯಕ್ತಿಯ ಸ್ವಂತ ಮಾತಾಗಿ ನುಡಿಯುವ ಭಾವಗೀತೆಯ ದಾರಿಯನ್ನು ತೆರೆದರು. ಅವರ ಸೋದರನ ಮಗಳು, 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿಯವರು ಆ ಸ್ವಂತ ಮಾತನ್ನು ಹೆಣ್ಣಿನ ಮನಸ್ಸಿನ ಒಳಗಿನಿಂದ ಕಾದಂಬರಿಗೆ ತಂದರು. ಅವರ 'ಹಣ್ಣೆಲೆ ಚಿಗುರಿದಾಗ' ವಿಧವಾ ವಿವಾಹದ ಪ್ರಶ್ನೆಯನ್ನು ಎತ್ತಿಕೊಂಡ ಕೃತಿ, 1968ರಲ್ಲಿ ಎಂ.ಆರ್. ವಿಠಲ್ ಅವರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಹಣ್ಣಾದ ಎಲೆ ಉದುರಬೇಕು, ಚಿಗುರಬಾರದು ಎಂಬುದು ಲೋಕದ ನಿಯಮ. ಚಿಗುರಿದರೆ ಏನಾಗುತ್ತದೆಂದು ಶೀರ್ಷಿಕೆಯೇ ಕೇಳುತ್ತದೆ.

ಕೃಷ್ಣರಾಜಪೇಟೆ ತಾಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರದು (1915-2003) ಇವೆಲ್ಲಕ್ಕಿಂತ ಭಿನ್ನವಾದ ದಾರಿ. 'ಮೈಸೂರ ಮಲ್ಲಿಗೆ' (1942) ಪ್ರಕಟವಾದಾಗ ಅದರ ಹೊಸತನವಿದ್ದದ್ದು ಪ್ರೇಮವನ್ನು ಮದುವೆಯ ಆಚೆಗಲ್ಲ, ಮದುವೆಯ ಒಳಗೆ ಹುಡುಕಿದ್ದರಲ್ಲಿ. ಅಲ್ಲಿ ಒಲವು ಎಂದೂ ಒಬ್ಬಂಟಿಯಾಗಿ ಮಾತಾಡುವುದಿಲ್ಲ. ಮಾವನ ಮನೆಗೆ ಬಂದ ರಾಯರ ಮನಸ್ಸು ಮನೆಮಂದಿಯ ಉಪಚಾರದ ನಡುವೆ ತಿಳಿಯುತ್ತದೆ. ತವರಿನ ಸುದ್ದಿ ಬಳೆಗಾರನ ಬಾಯಲ್ಲಿ ಬರುತ್ತದೆ. ಗಂಡನ ಊರು ಹೊನ್ನೂರು, ಹೆಂಡತಿಯ ಊರು ನವಿಲೂರು ಇವುಗಳ ನಡುವಿನ ಹುಸಿ ಜಗಳದಲ್ಲಿ ಅಕ್ಕರೆ ಅಡಗಿರುತ್ತದೆ. ಹೇಳಬೇಕಾದುದನ್ನು ಬೇರೆಯದರ ಮೇಲಿಟ್ಟು ಹೇಳುವ ಈ ಪರೋಕ್ಷತೆ ಹಳೆಯ ಮೈಸೂರು ಸೀಮೆಯ ಸಂಸಾರದ ಭಾಷೆಯೇ ಆಗಿತ್ತು. ಗಂಡ ಹೆಂಡಿರು ಪರಸ್ಪರ ಹೆಸರು ಹಿಡಿದು ಕರೆಯದೆ 'ಇವರು', 'ನಮ್ಮ ಮನೆಯವರು' ಎನ್ನುವುದು, ಮದುವೆಯಲ್ಲಿ ಹೆಸರು ಹೇಳಿಸುವಾಗಲೂ ಒಗಟಿನ ಮರೆ ಹಿಡಿಯುವುದು ಇದೇ ಶಿಷ್ಟಾಚಾರದ ಭಾಗ. ನರಸಿಂಹಸ್ವಾಮಿಯವರ ಸಂಕಲನಗಳ ಹೆಸರುಗಳನ್ನು ಅನುಕ್ರಮವಾಗಿ ನೋಡಿದರೂ ಒಂದು ಚಲನೆ ಕಾಣುತ್ತದೆ. 'ದೀಪದ ಮಲ್ಲಿ', 'ಇರುವಂತಿಗೆ'ಗಳ ಹೂವಿನ ಲೋಕದಿಂದ 'ಶಿಲಾಲತೆ', 'ಮನೆಯಿಂದ ಮನೆಗೆ', 'ತೆರೆದ ಬಾಗಿಲು' ಎಂಬ ಕಲ್ಲು, ಮನೆ, ಬಾಗಿಲುಗಳ ಲೋಕಕ್ಕೆ ಬಂದು, 1993ರ 'ದುಂಡುಮಲ್ಲಿಗೆ'ಯಲ್ಲಿ ಕವಿ ಮತ್ತೆ ಮಲ್ಲಿಗೆಗೆ ಮರಳುತ್ತಾರೆ. ಈ ಐವತ್ತು ವರ್ಷಗಳ ಹಾದಿಯನ್ನೇ ಮಾಗಿದ ಒಲವಿನ ಒಂದು ಕಥನವೆಂದು ಓದಲು ಸಾಧ್ಯವಿದೆ.

ಆದರೆ ನರಸಿಂಹಸ್ವಾಮಿಯವರ ಪ್ರೇಮಕ್ಕೆ ಹೆಸರಿದೆ, ಅದು ದಾಂಪತ್ಯ. ಆದ್ದರಿಂದಲೇ ಅಲ್ಲಿ ನಿಧಾನವೆಂದರೆ ಬೆಳವಣಿಗೆ, ಭಯವಲ್ಲ. ಹೆಸರಿಲ್ಲದೆಡೆಯಲ್ಲಿ ಅದೇ ನಿಧಾನ ಬೇರೆ ಬಣ್ಣ ತಾಳುತ್ತದೆ. ಕಾದಂಬರಿಯ ಕೆಲಸ ಆರಂಭವಾಗುವುದು ಅಲ್ಲಿಂದ.

4. 'ವಂಶವೃಕ್ಷ': ಮೂರು ಸಂಬಂಧಗಳು, ಮೂರು ವೇಗಗಳು

'ವಂಶವೃಕ್ಷ'ವನ್ನು ಸಾಮಾನ್ಯವಾಗಿ ಪರಂಪರೆ ಮತ್ತು ಆಧುನಿಕತೆಗಳ ಸಂಘರ್ಷದ ಕಾದಂಬರಿಯೆಂದು ಓದಲಾಗುತ್ತದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ವಿಧವೆ ಸೊಸೆ ಕಾತ್ಯಾಯನಿ, ಮೈಸೂರಿನ ಕಾಲೇಜಿನಲ್ಲಿ ಓದುತ್ತಾ ಅಧ್ಯಾಪಕ ರಾಜನನ್ನು ಪ್ರೀತಿಸಿ ಮದುವೆಯಾಗುವುದು, ಮಗನನ್ನು ಶ್ರೋತ್ರಿಗಳ ಮನೆಯಲ್ಲೇ ಬಿಡಬೇಕಾಗುವುದು ಈ ಓದಿನ ಕೇಂದ್ರ. ಪ್ರೇಮದ ಗತಿಯನ್ನು ಮಾನದಂಡವಾಗಿಟ್ಟುಕೊಂಡರೆ ಕೃತಿಯ ವಿನ್ಯಾಸ ಬೇರೆಯಾಗಿ ಕಾಣುತ್ತದೆ. ಕಾತ್ಯಾಯನಿ-ರಾಜರದು ಯೌವನದ ಪ್ರೇಮ. ಅದು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತದೆ, ಮದುವೆಯನ್ನು ಕೇಳುತ್ತದೆ, ಪಡೆಯುತ್ತದೆ. ಮತ್ತೆ ಮತ್ತೆ ಆಗುವ ಗರ್ಭಪಾತ ಮತ್ತು ಬಿಟ್ಟುಬಂದ ಮಗುವಿನ ನೆನಪು ಆ ದಾಂಪತ್ಯವನ್ನು ಒಳಗಿನಿಂದ ಕೊರೆಯುತ್ತವೆ. ಇದರ ಪಕ್ಕದಲ್ಲಿ ಕಾದಂಬರಿ ಇನ್ನೆರಡು ಸಂಬಂಧಗಳನ್ನು ಇರಿಸಿದೆ.

ಮೊದಲನೆಯದು ರಾಜನ ಅಣ್ಣ, ಇತಿಹಾಸ ಪ್ರಾಧ್ಯಾಪಕ ಸದಾಶಿವರಾಯರು ಮತ್ತು ಸಿಂಹಳದ ಸಂಶೋಧಕಿ ಕರುಣರತ್ನೆಯರದು. ಭಾರತದ ಸಾಂಸ್ಕೃತಿಕ ಇತಿಹಾಸವನ್ನು ಹಲವು ಸಂಪುಟಗಳಲ್ಲಿ ಬರೆಯುವ ಸಂಕಲ್ಪ ರಾಯರದು. ಹೆಂಡತಿ ನಾಗಲಕ್ಷ್ಮಿ ಅವರ ಊಟ, ಆರೋಗ್ಯಗಳನ್ನು ಕಾಯಬಲ್ಲಳೇ ಹೊರತು ಗ್ರಂಥದೊಳಕ್ಕೆ ಬರಲಾರಳು. ಕರುಣರತ್ನೆ ಬರುವುದು ವಿದ್ಯಾರ್ಥಿನಿಯಾಗಿ, ಅನಂತರ ಗ್ರಂಥರಚನೆಯ ಸಹಾಯಕಿಯಾಗಿ. ಇವರ ನಡುವೆ ಹುಟ್ಟುವುದನ್ನು ಇಬ್ಬರೂ ಬಹುಕಾಲ ವಿದ್ವತ್ತೆಂದೇ ಕರೆದುಕೊಳ್ಳುತ್ತಾರೆ. ಆ ಹೆಸರು ಸುಳ್ಳೂ ಅಲ್ಲ. ಆಕರಗಳ ಶೋಧ, ಟಿಪ್ಪಣಿ, ಚರ್ಚೆಗಳೇ ಅವರ ಒಲವಿನ ನಿಜವಾದ ವಸ್ತು. ಬೇರೆ ಪ್ರೇಮಕಥೆಗಳಲ್ಲಿ ಕಡತ, ಪುಸ್ತಕಗಳು ಭೇಟಿಗೆ ನೆಪ. ಇಲ್ಲಿ ಅವು ಸಂಬಂಧದ ಜೀವಾಳ. ಒಂದೊಂದು ಸಂಪುಟದ ಬೆಳವಣಿಗೆಯೂ ಸಂಬಂಧದ ಕಾಲಮಾಪನವಾಗುತ್ತದೆ. ಕೊನೆಗೆ ಅದು ಮದುವೆಯ ಹೆಸರನ್ನು ಕೇಳುವುದಕ್ಕೂ ಕಾರಣ ಗ್ರಂಥವೇ. ಜೊತೆಯಲ್ಲಿದ್ದು ಕೆಲಸ ಮುಗಿಸಬೇಕಾದರೆ ಲೋಕ ಒಪ್ಪುವ ಹೆಸರೊಂದು ಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಥೆ ನಡೆಯುವ ಕಾಲ 1955ರ ಹಿಂದೂ ವಿವಾಹ ಕಾಯ್ದೆಗಿಂತ ಹಿಂದಿನದು. ಹೆಂಡತಿ ಇರುವಾಗಲೇ ಎರಡನೆಯ ಮದುವೆಯಾಗಲು ಗಂಡಿಗೆ ಕಾನೂನಿನ ತಡೆ ಇರಲಿಲ್ಲ. ಕೃತಿ ಪ್ರಕಟವಾದ 1965ರ ವೇಳೆಗೆ ಅದು ಅಪರಾಧವಾಗಿತ್ತು. ಹೀಗಾಗಿ ಕಾದಂಬರಿಯ ಮೊದಲ ಓದುಗರು ರಾಯರ ನಿರ್ಧಾರವನ್ನು ಎರಡು ಕಾಲಗಳ ನಡುವೆ ನಿಂತು ನೋಡಬೇಕಾಯಿತು. ಕಾನೂನು ತಡೆಯದೆಡೆಯಲ್ಲಿ ತಡೆಯಬೇಕಾದದ್ದು ಯಾವುದು ಎಂಬ ಪ್ರಶ್ನೆ ಅವರ ಪಾಲಿಗೆ ಹರಿತವಾಗಿಯೇ ಇತ್ತು.

ಎರಡನೆಯದು ಶ್ರೋತ್ರಿಗಳು ಮತ್ತು ಮನೆಯ ಊಳಿಗದ ಲಕ್ಷ್ಮಿಯರದು. ಹೆಂಡತಿ ಭಾಗೀರತಮ್ಮನಿಗೆ ಇನ್ನೊಂದು ಹೆರಿಗೆ ಪ್ರಾಣಾಪಾಯವೆಂದು ತಿಳಿದಾಗ, ಲಕ್ಷ್ಮಿಯನ್ನು ಇರಿಸಿಕೊಳ್ಳಲು ಆಕೆಯೇ ಗಂಡನಿಗೆ ಸೂಚಿಸುತ್ತಾಳೆ. ಶ್ರೋತ್ರಿಗಳು ತೊಳಲಾಡಿ, ಸಂಯಮವನ್ನು ಆರಿಸಿಕೊಳ್ಳುತ್ತಾರೆ. ವಿಮರ್ಶೆ ಈ ಘಟನೆಯನ್ನು ಅವರ ಧರ್ಮನಿಷ್ಠೆಗೆ ಸಾಕ್ಷಿಯಾಗಿ ನೋಡುತ್ತದೆ. ಅದು ನಿಜವೂ ಹೌದು. ಆದರೆ ಘಟನೆ ಅಲ್ಲಿಗೆ ಮುಗಿಯುವುದಿಲ್ಲ. ಅದರ ಮೇಲೆ ಅದೇ ಸೂರಿನಡಿ ಅವರಿಬ್ಬರೂ ಕಳೆಯುವ ದೀರ್ಘಕಾಲವಿದೆ. ಭಾಗೀರತಮ್ಮನ ಕಾಲಾನಂತರ ಮುದುಕರಾದ ಶ್ರೋತ್ರಿಗಳನ್ನೂ ಮೊಮ್ಮಗ ಚೀನಿಯನ್ನೂ ನೋಡಿಕೊಳ್ಳುವವಳು ಲಕ್ಷ್ಮಿ. ಇದು ದಾಂಪತ್ಯವಲ್ಲ, ಬರಿಯ ಊಳಿಗವೂ ಅಲ್ಲ. ಒಮ್ಮೆ ಸಾಧ್ಯವಿದ್ದು ಆಗದೆ ಹೋದದ್ದರ ನೆನಪು ನೀರು ತುಂಬುವ, ದನ ನೋಡುವ, ಒಲೆ ಹಚ್ಚುವ ಕೆಲಸಗಳಲ್ಲಿ ಕರಗಿ ಹರಿಯುತ್ತದೆ. ಆಧುನಿಕ ಕನ್ನಡದ ಅತ್ಯಂತ ನಿಧಾನದ ಪ್ರೇಮಕಥೆಗಳಲ್ಲಿ ಇದೊಂದೆಂದು ಹೇಳಬಹುದು. ಅದನ್ನು ಪ್ರೇಮವೆನ್ನಲು ಪಾತ್ರಗಳೂ ಒಪ್ಪುವುದಿಲ್ಲ, ನಿರೂಪಣೆಯೂ ಮುಂದಾಗುವುದಿಲ್ಲ.

5. ನಿಧಾನದ ಬೆಲೆ

ಮೇಲಿನ ಎರಡು ಸಂಬಂಧಗಳನ್ನು ಹತ್ತಿರವಿಟ್ಟು ನೋಡಿದರೆ, ಹೆಸರಿಲ್ಲದ ಒಲವು ಎರಡು ದಾರಿ ಹಿಡಿಯುವುದು ಸ್ಪಷ್ಟವಾಗುತ್ತದೆ. ಕರುಣರತ್ನೆಯ ದಾರಿ ವಿದ್ವತ್ತಿನ ಮರೆಯಿಂದ ಮದುವೆಗೆ ಹೋಗುತ್ತದೆ. ಲಕ್ಷ್ಮಿಯ ದಾರಿ ಸೇವೆಯ ಮರೆಯಲ್ಲೇ ಉಳಿಯುತ್ತದೆ. ಈ ವ್ಯತ್ಯಾಸಕ್ಕೆ ಒಲವಿನ ತೀವ್ರತೆ ಮಾತ್ರ ಕಾರಣವಲ್ಲ. ವಿದ್ಯೆ ಮತ್ತು ಅಂತಸ್ತು ಮುಖ್ಯ ಕಾರಣಗಳು. ಪಿಎಚ್.ಡಿ. ಪದವೀಧರೆಗೆ ತನ್ನ ಸಾಹಚರ್ಯವನ್ನು ಸಮಾನತೆಯೆಂದು ಹೇಳಿಕೊಳ್ಳುವ ಭಾಷೆ ಇದೆ. ಅನಾಥೆಯಾಗಿ ಆಸರೆ ಪಡೆದವಳಿಗೆ ಆ ಭಾಷೆ ಇಲ್ಲ. ಶ್ರೋತ್ರಿಗಳು ತಮ್ಮ ಹುಟ್ಟಿನ ರಹಸ್ಯ ತಿಳಿದ ಮೇಲೆ ಆಸ್ತಿಯನ್ನು ತ್ಯಜಿಸಿ ಸಂನ್ಯಾಸಕ್ಕೆ ಹೊರಡುತ್ತಾರೆ. ತ್ಯಜಿಸಲು ಅವರಿಗೆ ಮನೆತನವಿದೆ, ಹೊಲಗದ್ದೆಗಳಿವೆ. ಲಕ್ಷ್ಮಿಗೆ ತ್ಯಜಿಸಲು ಏನಿದೆ? ಸಂನ್ಯಾಸದ ಮಹತ್ತು ಅವಳ ಉಳಿಕೆಯ ಮೇಲೆ ನಿಂತಿದೆ ಎಂಬುದನ್ನು ಮರೆಯುವಂತಿಲ್ಲ.

ಇನ್ನೂ ಕಠಿಣವಾದ ಬೆಲೆ ತೆರುವವಳು ನಾಗಲಕ್ಷ್ಮಿ. ಗಂಡ ಇನ್ನೊಬ್ಬಳೊಡನೆ ಸಂಪುಟಗಳನ್ನು ಬರೆಯುತ್ತಿರುವಾಗ ಅವಳು ರಾಮನಾಮ ಬರೆಯಲು ತೊಡಗುತ್ತಾಳೆ. ಈ ಹೋಲಿಕೆ ಆಕಸ್ಮಿಕವೆನ್ನಲಾಗದು. ಒಂದೆಡೆ ದೇಶದ ಇತಿಹಾಸವನ್ನು ತುಂಬಿಕೊಂಡ ಬರಹ. ಇನ್ನೊಂದೆಡೆ ಒಂದೇ ಹೆಸರು ಪುಟಪುಟಕ್ಕೂ ಮರುಕಳಿಸುವ ಬರಹ. ಎರಡೂ ವರ್ಷಗಟ್ಟಲೆ ನಡೆಯುತ್ತವೆ, ಎರಡಕ್ಕೂ ಏಕಾಗ್ರತೆ ಬೇಕು. ಆದರೆ ಒಂದಕ್ಕೆ ಓದುಗರಿದ್ದಾರೆ, ಇನ್ನೊಂದಕ್ಕೆ ಇಲ್ಲ. ಸದಾಶಿವರಾಯರ ಸಂಪುಟಗಳು ಮಾಗಿದ ಒಲವಿನ ದಾಖಲೆಯಾದರೆ, ನಾಗಲಕ್ಷ್ಮಿಯ ಪುಸ್ತಕಗಳು ಆ ಒಲವು ಹೊರಗಿಟ್ಟ ಹೆಣ್ಣಿನ ಕಾಲದ ದಾಖಲೆ. ಅಕ್ಷರವನ್ನು ಅವಳು ಕೈಗೆತ್ತಿಕೊಂಡದ್ದು ಗಂಡನ ಲೋಕಕ್ಕೆ ಪ್ರವೇಶ ಸಿಗದೆ ಹೋದ ಮೇಲೆ ಎಂಬುದು ವಿಷಾದದ ಸಂಗತಿ. ಹೊನ್ನಮ್ಮನ ಕೃತಿಯ ಅಳತೆಯಲ್ಲಿ ನಾಗಲಕ್ಷ್ಮಿ ನಿಜವಾದ ಹದಿಬದೆ. ಕರ್ತವ್ಯದ ಪಾಲನ್ನು ಅವಳು ಪೂರೈಸಿದ್ದಾಳೆ. ಹೊನ್ನಮ್ಮ ಹೆಣ್ಣಿಗಾಗಿ ಕೇಳಿದ ಬೆಲೆ ಮಾತ್ರ ಅವಳಿಗೆ ದಕ್ಕಲಿಲ್ಲ.

ಕಾದಂಬರಿಕಾರರು ಇವರಲ್ಲಿ ಯಾರ ಪರವಾಗಿದ್ದಾರೆ ಎಂಬ ಪ್ರಶ್ನೆ ಇಲ್ಲಿ ಅಷ್ಟು ಉಪಯುಕ್ತವಲ್ಲ. ರಾಯರ ಬೌದ್ಧಿಕ ಹಸಿವು ನಿಜ, ಕರುಣರತ್ನೆಯ ಅರ್ಪಣೆ ನಿಜ, ನಾಗಲಕ್ಷ್ಮಿಯ ನೋವೂ ಅಷ್ಟೇ ನಿಜ. ಯಾವುದನ್ನೂ ಸುಳ್ಳಾಗಿಸದೆ ಮೂರನ್ನೂ ನಿಲ್ಲಿಸಿರುವುದರಲ್ಲಿ ಈ ಭಾಗದ ಶಕ್ತಿಯಿದೆ. ಕರುಣರತ್ನೆಯನ್ನು ಮನೆಮುರುಕಿಯಾಗಿ, ನಾಗಲಕ್ಷ್ಮಿಯನ್ನು ಗಯ್ಯಾಳಿಯಾಗಿ ಚಿತ್ರಿಸಿದ್ದರೆ ಓದುಗನಿಗೆ ತೀರ್ಪು ಸುಲಭವಾಗುತ್ತಿತ್ತು. ಸದಾಶಿವರಾಯರ ಒಲವು ಮಾತ್ರ ತನ್ನ ಗಾಂಭೀರ್ಯವನ್ನು ಕಳೆದುಕೊಳ್ಳುತ್ತಿತ್ತು.

6. 'ಬೆಟ್ಟದ ಜೀವ': ಹೆಸರಿರುವ ಒಲವಿನ ಇನ್ನೊಂದು ಮುಖ

ಹೋಲಿಕೆಗಾಗಿ 'ಬೆಟ್ಟದ ಜೀವ'ವನ್ನು ನೋಡಬಹುದು. ಸುಬ್ರಹ್ಮಣ್ಯದ ಬಳಿಯ ಕಾಡಿನ ಅಂಚಿನಲ್ಲಿ ತೋಟ ಮಾಡಿಕೊಂಡಿರುವ ಗೋಪಾಲಯ್ಯ, ಶಂಕರಮ್ಮ ಮುದಿ ದಂಪತಿಗಳು. ಇವರ ಒಲವಿಗೆ ಲೋಕದ ಒಪ್ಪಿಗೆಯಿದೆ, ಮರೆಯ ಅಗತ್ಯವಿಲ್ಲ. ಆದರೂ ಅದು ನೇರವಾಗಿ ನುಡಿಯದು. ಗೋಪಾಲಯ್ಯನ ತಮಾಷೆ, ಶಂಕರಮ್ಮನ ಹುಸಿಮುನಿಸು, ಅತಿಥಿಗೆ ಬಡಿಸುವ ಉಪಚಾರದಲ್ಲಿ ಇಬ್ಬರ ಪೈಪೋಟಿ ಇವೇ ಅದರ ಭಾಷೆ. ಮನೆಬಿಟ್ಟು ಹೋದ ಮಗ ಶಂಭುವಿನ ದುಃಖವನ್ನು ಒಬ್ಬರಿಗಾಗಿ ಒಬ್ಬರು ನುಂಗಿಕೊಂಡಿರುವುದು ಈ ನಗೆಯ ಹಿಂದಿನ ಸತ್ಯ. ಇಲ್ಲಿಯೂ ಬೆಲೆ ಇದೆ, ಆದರೆ ಅದನ್ನು ಇಬ್ಬರೂ ಹಂಚಿಕೊಂಡಿದ್ದಾರೆ. ಕಿಕ್ಕೇರಿಯ ಕವಿಯ ದಾಂಪತ್ಯಗೀತೆಗಳಿಗೆ ಗದ್ಯದಲ್ಲಿ ಅತ್ಯಂತ ಸಮೀಪವಾದ ಚಿತ್ರ ಇದು. ನರಸಿಂಹಸ್ವಾಮಿಯವರಲ್ಲಿ ಹುಸಿಜಗಳ ಒಲವಿನ ಆರಂಭದ ಸಂಭ್ರಮವಾದರೆ, ಕಾರಂತರಲ್ಲಿ ಅದು ಒಲವು ಉಳಿದುಕೊಂಡ ಬಗೆ.

7. ಜನಪ್ರಿಯ ಕಾದಂಬರಿಯ ನಿಧಾನ

ಇದೇ ಅವಧಿಯಲ್ಲಿ ವಾರಪತ್ರಿಕೆಗಳ ಧಾರಾವಾಹಿ ಬೇರೊಂದು ಬಗೆಯ ನಿಧಾನವನ್ನು ಬೆಳೆಸಿತು. 1965ರಲ್ಲಿ ಆರಂಭವಾದ 'ಸುಧಾ'ದಂಥ ಪತ್ರಿಕೆಗಳಲ್ಲಿ ಕಾದಂಬರಿ ವಾರಕ್ಕೊಂದು ಕಂತಾಗಿ ಬಂದಾಗ ನಾಯಕ ನಾಯಕಿಯರ ಜೊತೆಗೆ ಓದುಗರೂ ಕಾದರು. ಈ ಕಾಯುವಿಕೆ ಕನ್ನಡದಲ್ಲಿ ದೊಡ್ಡ ಓದುಗ ಸಮುದಾಯವನ್ನು, ವಿಶೇಷವಾಗಿ ಮಹಿಳಾ ಓದುಗರನ್ನು ರೂಪಿಸಿತು. ಅದನ್ನು ಲಘುವಾಗಿ ಕಾಣುವುದು ಸರಿಯಲ್ಲ. ಆದರೆ ಧಾರಾವಾಹಿಯ ನಿಧಾನ ಕಂತಿನ ಕೊನೆಯ ಕುತೂಹಲದಿಂದ ಹುಟ್ಟುವುದು. ಲಕ್ಷ್ಮಿ, ಶ್ರೋತ್ರಿಗಳ ನಿಧಾನ ಹೇಳಲಾಗದ ಮಾತಿನಿಂದ ಹುಟ್ಟುವುದು. ಮೊದಲನೆಯದರಲ್ಲಿ ತಡೆ ನಿವಾರಣೆಯಾದೊಡನೆ ಕಥೆ ಮುಗಿಯುತ್ತದೆ. ಎರಡನೆಯದರಲ್ಲಿ ತಡೆಯೇ ಬದುಕಾಗಿರುವುದರಿಂದ ಅದು ಕಥೆಯ ಜೊತೆಗೆ ಮುಗಿಯುವುದಿಲ್ಲ.

8. ಉಪಸಂಹಾರ

ಈವರೆಗಿನ ಚರ್ಚೆಯಿಂದ ಮೂರು ತೀರ್ಮಾನಗಳಿಗೆ ಬರಬಹುದು.

ಒಂದು: ಮಾಗಿದ ವಯಸ್ಸಿನ ಒಲವು ಕನ್ನಡ ಕಾದಂಬರಿಯಲ್ಲಿ ಗೈರುಹಾಜರಾಗಿಲ್ಲ. ಪ್ರೇಮವೆಂಬ ಶೀರ್ಷಿಕೆಯ ಕೆಳಗೆ ಹುಡುಕಿದ್ದರಿಂದ ಅದು ನಮಗೆ ಕಾಣಲಿಲ್ಲ. ಗುರುಶಿಷ್ಯ ಸಂಬಂಧ, ಊಳಿಗ, ಆಸರೆ, ಮುದಿದಂಪತಿಗಳ ಹರಟೆ ಇವುಗಳ ಒಳಗೆ ಅದನ್ನು ಹುಡುಕಬೇಕಾಗಿದೆ.

ಎರಡು: ಇಂಥ ಕಥನದಲ್ಲಿ ನಿಧಾನಕ್ಕೆ ಒಂದೇ ಅರ್ಥವಿಲ್ಲ. ದಾಂಪತ್ಯದ ಹೆಸರಿರುವಲ್ಲಿ ಅದು ಬೆಳವಣಿಗೆ. ವಿದ್ವತ್ತಿನ ಮ‌ರೆಯಲ್ಲಿ ಅದು ಅನುಮತಿಯ ಹುಡುಕಾಟ. ಸೇವೆಯ ಮರೆಯಲ್ಲಿ ಅದು ಬಾಯಿಬಿಡದ ಬಾಳು.

ಮೂರು: ಕೊನೆಯಲ್ಲಿ ಅವರು ಒಂದಾದರೇ ಎಂಬುದು ಯೌವನದ ಪ್ರೇಮಕಥೆಗೆ ಕೇಳಬೇಕಾದ ಪ್ರಶ್ನೆ. ಮಾಗಿದ ಪ್ರೇಮಕಥೆಗೆ ಕೇಳಬೇಕಾದದ್ದು, ಅವರು ಯಾವ ಹೆಸರಿನಲ್ಲಿ ಜೊತೆಯಾಗಿ ಬಾಳಿದರು, ಆ ಬಾಳಿನ ಋಣ ಯಾರ ಲೆಕ್ಕಕ್ಕೆ ಬಿತ್ತು ಎಂಬುದು. ಹೀಗೆ ಓದಿದಾಗ ನಾಗಲಕ್ಷ್ಮಿ, ಲಕ್ಷ್ಮಿಯರಂಥ ಪಾತ್ರಗಳು ಕಥೆಯ ಅಂಚಿನಿಂದ ಕೇಂದ್ರದ ಕಡೆಗೆ ಚಲಿಸುತ್ತವೆ.

ಶ್ರೀರಂಗಪಟ್ಟಣದ ಅರಮನೆಯಲ್ಲಿ ಸಂಚಿ ಹಿಡಿದ ಹೆಣ್ಣೊಬ್ಬಳು ಹೆಣ್ಣಿನ ಬೆಲೆಯನ್ನು ಕುರಿತು ಎತ್ತಿದ ಪ್ರಶ್ನೆ ಮುನ್ನೂರು ವರ್ಷಗಳ ಮೇಲೂ ನಮ್ಮ ಪ್ರೇಮಕಥನಗಳನ್ನು ಅಳೆಯಲು ಒದಗಿಬರುತ್ತದೆ. ಇಂದು ಮಧ್ಯವಯಸ್ಸಿನ ಮರುವಿವಾಹ, ಇಳಿವಯಸ್ಸಿನ ಸಾಂಗತ್ಯಗಳು ನಮ್ಮ ಊರುಗಳಲ್ಲಿ ಹಿಂದಿನಷ್ಟು ಅಸಾಧ್ಯವಾಗಿಲ್ಲ. ಹೆಸರು ದೊರೆತ ಮೇಲೆ ಆ ಒಲವು ಮಾತಿನ ಯಾವ ಹೊಸ ರೂಪವನ್ನು ಪಡೆಯುತ್ತದೆ ಎಂಬುದು ಮುಂದಿನ ಕಾದಂಬರಿಕಾರರು ಎತ್ತಿಕೊಳ್ಳಬೇಕಾದ ವಸ್ತು, ಮುಂದಿನ ಸಂಶೋಧಕರು ಅನುಸರಿಸಬೇಕಾದ ಜಾಡು.